ಬಾಲ ಉದುರಿದ ಹೆಸರು ಸತ್ತವರದು: ರೂನ್ ಕಲ್ಲು ಓದುವ ಕ್ರಮ

ರೂನ್ ಎಂದರೆ ಉತ್ತರ ಯುರೋಪಿನ ಹಳೆಯ ಲಿಪಿ; ಸತ್ತವರ ನೆನಪಿಗೆ ಆ ಲಿಪಿಯಲ್ಲಿ ಕೆತ್ತಿ ನಿಲ್ಲಿಸಿದ್ದು ರೂನ್ ಕಲ್ಲು. ಅದರ ಮುಂದೆ ನಿಂತ ಹೊಸಬರ ಕಣ್ಣು ಮೊದಲು ಹಾವಿನ ಮೇಲೆ ಬೀಳುತ್ತದೆ. ಸುರುಳಿ ಸುತ್ತಿಕೊಂಡ ಹಾವು, ನಡುವೆ ಒಂದು ಶಿಲುಬೆ, ಹಾವಿನ ಮೈತುಂಬ ಕೆಂಪು ಬಣ್ಣದ ಕಡ್ಡಿಯಂಥ ಅಕ್ಷರಗಳು. ಫೋಟೊ ತೆಗೆದು, ಪಕ್ಕದ ಫಲಕದಲ್ಲಿರುವ ಅನುವಾದ ಓದಿ ಹೊರಟುಬಿಡುತ್ತಾರೆ. ಒಂದು ಗಂಟೆ ತಾಳ್ಮೆ ಇದ್ದರೆ ಫಲಕದ ಹಂಗಿಲ್ಲದೆ ನೀವೇ ಓದಬಹುದು. ಬಹುಪಾಲು ಕಲ್ಲುಗಳು ಒಂದೇ ಅಚ್ಚಿನ ವಾಕ್ಯವನ್ನು ಹೇಳುತ್ತವೆ. ಇಪ್ಪತ್ತು ಪದ ಗೊತ್ತಿದ್ದರೆ ಆ ವಾಕ್ಯ ಬಿಡಿಸಿಕೊಳ್ಳುತ್ತದೆ. ನಿಜವಾದ ಕೆಲಸ ಶುರುವಾಗುವುದು ಅಚ್ಚು ಎಲ್ಲಿ ಮುರಿದಿದೆ ಎಂದು ಹುಡುಕುವಲ್ಲಿ. ಸತ್ತವರ ಬಗ್ಗೆ ಬದುಕಿದವರಿಗೆ ನಿಜಕ್ಕೂ ಹೇಳಲೇಬೇಕಾಗಿದ್ದದ್ದು ಸಿಗುವುದು ಆ ಜಾಗದಲ್ಲಿ.

ಈ ಕ್ರಮ ಅನ್ವಯಿಸುವುದು ವೈಕಿಂಗ್ ಯುಗದ ಕಲ್ಲುಗಳಿಗೆ, ಅಂದರೆ 16 ಅಕ್ಷರಗಳ ರೂನ್ ಲಿಪಿಯಲ್ಲಿ ಕೆತ್ತಿದವಕ್ಕೆ. ಸ್ವೀಡನ್ನಿನ ಕಲ್ಲುಗಳಲ್ಲಿ ಹೆಚ್ಚಿನವು ಸುಮಾರು 980ರಿಂದ 1100ರ ಒಳಗಿನವು. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಊಪ್ಲಾಂಡ್ ಪ್ರಾಂತ್ಯವೊಂದರಲ್ಲೇ ಸಾವಿರಕ್ಕೂ ಹೆಚ್ಚು ಶಾಸನಗಳಿವೆ. ಅದಕ್ಕೂ ಹಳೆಯ, 24 ಅಕ್ಷರಗಳ ಲಿಪಿಯ ಕಲ್ಲುಗಳು ಬೇರೆ ಜಾತಿ. ಅವುಗಳ ಭಾಷೆಯೂ ಬೇರೆ, ಈ ಲೇಖನದಿಂದ ಅವು ಬಗ್ಗುವುದಿಲ್ಲ. ಅಂತರ್ಜಾಲದಲ್ಲಿ ‘ನಿಮ್ಮ ಹೆಸರನ್ನು ರೂನಿನಲ್ಲಿ ಬರೆಯಿರಿ’ ಎನ್ನುವ ತಾಣಗಳು ಕೊಡುವುದು ಸಾಮಾನ್ಯವಾಗಿ ಆ 24ರ ಪಟ್ಟಿಯನ್ನು. ಅದನ್ನು ಹಿಡಿದು ಊಪ್ಲಾಂಡಿನ ಹೊಲಕ್ಕೆ ಹೋದರೆ ಒಂದು ಪದವೂ ಹೊಂದುವುದಿಲ್ಲ.

ವೀರಗಲ್ಲು ನೋಡಿ ಬೆಳೆದ ನಮಗೆ ಇದು ಹತ್ತಿರದ್ದೆನಿಸುತ್ತದೆ. ವ್ಯತ್ಯಾಸ ಇಷ್ಟು: ವೀರಗಲ್ಲು ಕಾಳಗವನ್ನು ಶಿಲ್ಪದಲ್ಲಿ ತೋರಿಸುತ್ತದೆ, ರೂನ್ ಕಲ್ಲಿನಲ್ಲಿ ಸತ್ತವರ ಚಿತ್ರ ಅಪರೂಪ. ಕೆಳಗೆ ಸಮಾಧಿ ಇರಲೇಬೇಕೆಂದೂ ಇಲ್ಲ. ದಾರಿ, ಸೇತುವೆ, ಊರ ಸಭೆ ಸೇರುವ ಬಯಲು, ಹೀಗೆ ಜನ ಓಡಾಡುವ ಕಡೆ ಕಲ್ಲು ನಿಲ್ಲಿಸುತ್ತಿದ್ದರು.

ಹೆಜ್ಜೆ 1: ಕಲ್ಲಿನ ಸಂಖ್ಯೆ ಹಿಡಿಯಿರಿ

ಪ್ರತಿ ಕಲ್ಲಿಗೂ ಪ್ರಾಂತ್ಯದ ಅಕ್ಷರ ಮತ್ತು ಸಂಖ್ಯೆ ಇರುತ್ತದೆ. ಊಪ್ಲಾಂಡಿನದಕ್ಕೆ ‘ಯು’, ಸೋದರ್ಮಾನ್ಲಾಂಡಿನದಕ್ಕೆ ‘ಸೋ’, ಡೆನ್ಮಾರ್ಕಿನದಕ್ಕೆ ‘ಡಿಆರ್’, ನಾರ್ವೆಯದಕ್ಕೆ ‘ಎನ್’. ಹುಡುಕುವಾಗ ಇವನ್ನು ರೋಮನ್ ಅಕ್ಷರದಲ್ಲೇ ಕೊಡಬೇಕು. ಉಪ್ಸಾಲಾ ವಿಶ್ವವಿದ್ಯಾಲಯದ ರೂನ್ ಪಠ್ಯಕೋಶದಲ್ಲಿ ಈ ಸಂಖ್ಯೆ ಹಾಕಿದರೆ ಪಠ್ಯ, ಅನುವಾದ, ಜಾಗ ಎಲ್ಲ ಸಿಗುತ್ತದೆ. 2020ರಲ್ಲಿ ಬಂದ ‘ರೂನೋರ್’ ಎಂಬ ಜಾಲತಾಣದಲ್ಲಿ ನಕ್ಷೆಯೂ ಉಂಟು.

ಪಠ್ಯವನ್ನು ಈಗಲೇ ನೋಡಬೇಡಿ. ಜಾಗವನ್ನಷ್ಟೇ ಬರೆದುಕೊಂಡು ಹೋಗಿ. ಉತ್ತರ ಮೊದಲೇ ಗೊತ್ತಿದ್ದರೆ ಕಲ್ಲಿನ ಮೇಲಿಲ್ಲದ ಗೀರು ಕೂಡ ಕಣ್ಣಿಗೆ ಕಾಣಿಸತೊಡಗುತ್ತದೆ.

ಜೊತೆಗೆ ಒಯ್ಯಬೇಕಾದದ್ದು: ಒಂದೇ ದಿಕ್ಕಿಗೆ ಬೆಳಕು ಚೆಲ್ಲುವ ಟಾರ್ಚ್, ಅಳತೆ ಟೇಪು, ಕ್ಯಾಮೆರಾ ಸ್ಟ್ಯಾಂಡು, ದಿಕ್ಸೂಚಿ, ನೋಟ್‌ಬುಕ್, ಪೆನ್ಸಿಲ್. ಆ ಚಳಿಯಲ್ಲಿ ಬಾಲ್‌ಪೆನ್ನು ಕೈಕೊಡುತ್ತದೆ, ಹಾಗಾಗಿ ಪೆನ್ಸಿಲ್ಲೇ ಇರಲಿ. ಸೀಮೆಸುಣ್ಣ, ಬ್ರಷ್ಷು, ನೀರು ಯಾವುದೂ ಬೇಡ.

ಹೆಜ್ಜೆ 2: ಬೆಳಕನ್ನು ಹೊಂದಿಸಿ, ಕೆಂಪು ಬಣ್ಣವನ್ನು ನಂಬಬೇಡಿ

ಕಲ್ಲಿನ ಮೇಲೆ ಇವತ್ತು ಕಾಣುವ ಕೆಂಪು ಹಚ್ಚಿದ್ದು ನಮ್ಮ ಕಾಲದವರು, ನೋಡುಗರಿಗೆ ಓದಲು ಸುಲಭವಾಗಲಿ ಎಂದು. ಮೂಲದಲ್ಲೂ ಬಣ್ಣ ಇತ್ತು ಎನ್ನುವುದಕ್ಕೆ ಕಲ್ಲುಗಳೇ ಸಾಕ್ಷಿ: ಸೋ 206 ಸಂಖ್ಯೆಯ ಕಲ್ಲು ತಾನು ‘ರೂನುಗಳಿಂದ ಕೆಂಪಾದದ್ದು’ ಎಂದು ಹೇಳಿಕೊಳ್ಳುತ್ತದೆ. ಆದರೆ ಈಗಿನ ಬಣ್ಣ, ಹಚ್ಚಿದವರು ಹೇಗೆ ಓದಿದರೋ ಹಾಗೆ ಬಿದ್ದಿರುತ್ತದೆ. ಕಲ್ಲಿನ ಸಹಜ ಬಿರುಕಿಗೆ ಬಣ್ಣ ಹಚ್ಚಿದ್ದರೆ ಬಿರುಕೂ ಅಕ್ಷರವಾಗುತ್ತದೆ. ಸವೆದ ಗೀರಿಗೆ ಬಣ್ಣ ಬಿಟ್ಟುಹೋಗಿದ್ದರೆ ಅಕ್ಷರವೇ ಮಾಯ.

ಓದಬೇಕಾದದ್ದು ತೋಡನ್ನು. ಅದಕ್ಕೆ ಬೆಳಕು ಪಕ್ಕದಿಂದ, ಕಲ್ಲಿನ ಮೈಗೆ ತಾಗಿಕೊಂಡಂತೆ ಬರಬೇಕು. ಮೈಗೂ ಬೆಳಕಿಗೂ ನಡುವಿನ ಕೋನ 10ರಿಂದ 20 ಡಿಗ್ರಿ ಇರಲಿ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಎಲ್ಲವೂ ಚಪ್ಪಟೆ. ಬಿಸಿಲನ್ನೇ ನೆಚ್ಚಿದ್ದರೆ ದಿಕ್ಸೂಚಿ ತೆಗೆಯಿರಿ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ನಡುಹಗಲಿಗೆ ಸ್ವಲ್ಪ ಮುಂಚೆ, ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ನಡುಹಗಲು ದಾಟಿದ ಕೂಡಲೇ ಬಿಸಿಲು ಮೈಸವರಿಕೊಂಡು ಹೋಗುತ್ತದೆ. ದಕ್ಷಿಣದ ಮುಖಕ್ಕೆ ಬೇಸಿಗೆಯ ಬೆಳಗು ಅಥವಾ ಸಂಜೆ ಬೇಕು. ಉತ್ತರದ ಮುಖಕ್ಕೆ ಬೇಸಿಗೆಯ ನಸುಕು, ಇಳಿಸಂಜೆ ಬಿಟ್ಟರೆ ಬಿಸಿಲೇ ಇಲ್ಲ, ಟಾರ್ಚೇ ಗತಿ.

ಟಾರ್ಚಿನ ಕೆಲಸಕ್ಕೆ ಮುಸ್ಸಂಜೆ ಒಳ್ಳೆಯದು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕದಲದಂತೆ ನಿಲ್ಲಿಸಿ, ಎಕ್ಸ್‌ಪೋಷರ್ ಒಂದೇ ಮಟ್ಟಕ್ಕೆ ಕಟ್ಟಿ, ಇನ್ನೊಬ್ಬರ ಕೈಗೆ ಟಾರ್ಚ್ ಕೊಟ್ಟು ಗಡಿಯಾರದ ಮುಳ್ಳಿನಂತೆ ಎಂಟು ದಿಕ್ಕುಗಳಿಂದ ಎಂಟು ಚಿತ್ರ ತೆಗೆಯಿರಿ. ಒಂದೇ ದಿಕ್ಕಿನ ಬೆಳಕಿನಲ್ಲಿ ಆ ಬೆಳಕಿಗೆ ಸಮಾನಾಂತರವಾಗಿ ಓಡುವ ಗೀರು ಕಾಣುವುದೇ ಇಲ್ಲ. ತಪ್ಪು ಓದುಗಳಿಗೆ ಇದೊಂದು ದೊಡ್ಡ ಕಾರಣ. ಪ್ರತಿ ಚಿತ್ರದಲ್ಲೂ ಅಳತೆ ಪಟ್ಟಿ ಇರಲಿ. ಮೂರು ಆಯಾಮದ ಮಾದರಿ ಮಾಡುವ ಆಸೆಯಿದ್ದರೆ ಮೋಡ ಕವಿದ ದಿನ ಹೋಗಿ, ಒಂದು ಚಿತ್ರ ಇನ್ನೊಂದರ ಮೇಲೆ ಸುಮಾರು 70 ಶೇಕಡಾ ಹೊದ್ದುಕೊಳ್ಳುವಂತೆ ಸುತ್ತ ನಡೆದು ತೆಗೆಯಿರಿ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನಮ್ಮಲ್ಲಿ ನೋಡಿದವರಿಗೆ, ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದರಾಯಿತಲ್ಲ ಎನಿಸಬಹುದು. ಇಲ್ಲಿ ಅದನ್ನು ಮಾಡಲೇಬೇಡಿ. ಮರಳುಗಲ್ಲಿನ ಮೇಲ್ಪದರ ಎಷ್ಟೋ ಕಡೆ ಒಳಗಿಂದ ಟೊಳ್ಳಾಗಿರುತ್ತದೆ, ಬಡಿದರೆ ಅಕ್ಷರದ ಸಮೇತ ಹಪ್ಪಳದಂತೆ ಎದ್ದುಬರುತ್ತದೆ. ಕಲ್ಲುಹೂವನ್ನು ಕೆರೆದರೂ ಅಷ್ಟೇ, ಅದರ ಜೊತೆ ಕಲ್ಲಿನ ಕಣಗಳೂ ಕಿತ್ತುಬರುತ್ತವೆ. ಸ್ವೀಡನ್ನಿನಲ್ಲಿ ಈ ಕಲ್ಲುಗಳೆಲ್ಲ ಕಾನೂನಿನ ರಕ್ಷಣೆಯಲ್ಲಿವೆ. ನೋಡಲು ಯಾರ ಅಪ್ಪಣೆಯೂ ಬೇಡ, ಮುಟ್ಟಿ ಏನಾದರೂ ಮಾಡಲು ಬೇಕು. ಕಲ್ಲು ಯಾರದಾದರೂ ಮನೆಯಂಗಳದಲ್ಲಿದ್ದರೆ ಕದ ತಟ್ಟಿ ಕೇಳಿ. ಕಾಡು ಬಯಲುಗಳಲ್ಲಿ ಯಾರು ಬೇಕಾದರೂ ಓಡಾಡಬಹುದೆಂಬ ಅಲ್ಲಿನ ಹಕ್ಕು ಮನೆಯಂಗಳಕ್ಕೆ ಸಲ್ಲುವುದಿಲ್ಲ.

ಹೆಜ್ಜೆ 3: ತಲೆ ಯಾವುದು, ಕಾಲು ಯಾವುದು

ಹಾವಿನ ಮೈ ಎಂದರೆ ಬರೆಯಲು ಎಳೆದ ಪಟ್ಟಿ. ಪಠ್ಯ ಸಾಮಾನ್ಯವಾಗಿ ಹಾವಿನ ತಲೆಯ ಬಳಿ, ಹೆಚ್ಚಾಗಿ ಕಲ್ಲಿನ ಎಡ ಕೆಳಮೂಲೆಯಲ್ಲಿ ಶುರುವಾಗಿ ಮೈಗುಂಟ ಬಾಲದ ಕಡೆಗೆ ಸಾಗುತ್ತದೆ. ಎರಡು ಹಾವುಗಳಿದ್ದರೆ ಎರಡು ತುಂಡು ಪಠ್ಯ. ಪಟ್ಟಿಯಲ್ಲಿ ಜಾಗ ಸಾಲದೆ ಕೊನೆಯ ಪದಗಳು ಶಿಲುಬೆಯ ಪಕ್ಕಕ್ಕೋ ಕಲ್ಲಿನ ಅಂಚಿಗೋ ಹಾರಿರುವುದೂ ಉಂಟು. ಕೆತ್ತಿದವನ ಸಹಿ ಅಲ್ಲಿ ಅಡಗಿರಬಹುದು.

ಅಕ್ಷರದ ತಲೆ ಯಾವ ಕಡೆ ಎಂದು ತಿಳಿಯಲು ‘ಫ’ ಮತ್ತು ‘ಕ’ ಹುಡುಕಿ. ನೆಟ್ಟಗೆ ನಿಂತ ಕಂಬದ ಬಲಕ್ಕೆ ಮೇಲ್ಮುಖವಾಗಿ ಎರಡು ಕೊಂಬೆ ಇದ್ದರೆ ಫ, ಒಂದೇ ಇದ್ದರೆ ಕ. ಕೊಂಬೆಗಳು ಎಡಕ್ಕೆ, ಕೆಳಮುಖವಾಗಿ ಚಾಚಿದ್ದರೆ ನೀವು ತಲೆಕೆಳಗಾಗಿ ನೋಡುತ್ತಿದ್ದೀರಿ. ಎಡಕ್ಕೇ ಇದ್ದು ಮೇಲ್ಮುಖವಾಗಿದ್ದರೆ ಸಾಲು ಬಲದಿಂದ ಎಡಕ್ಕೆ ಓಡುತ್ತಿದೆ.

ಹೆಜ್ಜೆ 4: ಹದಿನಾರು ಅಕ್ಷರ

ಅಕ್ಷರಮಾಲೆ ಮೂರು ಗುಂಪು: ಫ ಉ ಥ ಅಂ ರ ಕ, ಹ ನ ಇ ಅ ಸ, ತ ಬ ಮ ಲ ಱ. ಮೊದಲ ಆರರಿಂದ ಲಿಪಿಗೆ ‘ಫುಥಾರ್ಕ್’ ಎಂಬ ಹೆಸರು ಬಂದಿದೆ.

ಕೊನೆಯ ಅಕ್ಷರಕ್ಕೆ ಹಳಗನ್ನಡದ ಱ ಹಾಕಿದ್ದು ಅಂದಕ್ಕಲ್ಲ. ಆ ಭಾಷೆಯಲ್ಲಿ ಎರಡು ‘ರ’ಗಳಿದ್ದವು, ಒಂದು ಮಾಮೂಲಿ, ಇನ್ನೊಂದು ಹಲವು ಪದಗಳ ಕೊನೆಯಲ್ಲಿ ಬರುವುದು. ನಮ್ಮ ಱ ಮುಂದೆ ರ ದಲ್ಲಿ ಕರಗಿದ ಹಾಗೆ ಅಲ್ಲಿಯೂ ಎರಡೂ ಒಂದಾದವು. ಆದ್ದರಿಂದ ಕೆತ್ತುವವರು ಕೆಲವೊಮ್ಮೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದ್ದಾರೆ.

ಆಕಾರಗಳಲ್ಲಿ ಕೆಲವು ತಾನೇ ಗುರುತು ಸಿಗುತ್ತವೆ. ರ ಮತ್ತು ಬ ಇಂಗ್ಲಿಷಿನ ಆರ್, ಬಿ ಇದ್ದಂತೆಯೇ ಇವೆ. ತ ಎಂದರೆ ಮೇಲ್ಮುಖ ಬಾಣ. ಸ ಎಂದರೆ ಮಿಂಚಿನಂಥ ಅಂಕುಡೊಂಕು ಗೀರು. ಇ ಬರಿಯ ಕಂಬ. ಹ ಎಂದರೆ ಕಂಬದ ನಡುವೆ ಎರಡು ಗೀರು ಕತ್ತರಿಸಿದ ನಕ್ಷತ್ರ. ಉ ಎಂದರೆ ಕಂಬದ ತುದಿಯಿಂದ ಬಲಕ್ಕೆ ಬಾಗಿ ಕೆಳಗಿಳಿಯುವ ಗೆರೆ. ಥ ಎಂದರೆ ಕಂಬದ ನಡುವೆ ಬಲಕ್ಕೆ ಉಬ್ಬಿದ ಮುಳ್ಳು. ಉಚ್ಚಾರ ನಮ್ಮ ಥ ದಂತಲ್ಲ, ಇಂಗ್ಲಿಷಿನ ‘ಥಿನ್’ ಪದದ ಮೊದಲ ಸದ್ದು. ಲ ಎಂದರೆ ತುದಿಯಿಂದ ಬಲಕ್ಕೆ ಇಳಿದ ಒಂದು ಕೊಂಬೆ. ಅಂ ಎಂಬುದಕ್ಕೆ ಕಂಬದ ಮೇಲೆ ಎರಡು ಓರೆಗೀರು. ಮೂಗಿನಿಂದ ಹೊರಡುವ ಸದ್ದು, 11ನೇ ಶತಮಾನದಲ್ಲಿ ಇದೇ ಅಕ್ಷರ ‘ಒ’ ಆಗತೊಡಗಿತು. ನಿಮ್ಮ ಫೋನಿನಲ್ಲಿರುವ ಬ್ಲೂಟೂತ್ ಚಿಹ್ನೆ ಹ ಮತ್ತು ಬ ರೂನುಗಳನ್ನು ಒಂದೇ ಕಂಬಕ್ಕೆ ಕೂಡಿಸಿದ್ದು; ಹರಾಲ್ಡ್ ಬ್ಲೂಟೂತ್ ಎಂಬ ಡೇನಿಷ್ ದೊರೆಯ ಹೆಸರಿನ ಮೊದಲಕ್ಷರಗಳು. ಕಲ್ಲಿನ ಮೇಲೂ ಹೀಗೆ ಕೂಡಕ್ಷರ ಬಂದರೆ ಗಾಬರಿ ಬೇಡ.

ಎಡವುವುದು ಎರಡು ಜೋಡಿಗಳಲ್ಲಿ. ಮೊದಲನೆಯದು ನ ಮತ್ತು ಅ. ಎರಡಕ್ಕೂ ಕಂಬವನ್ನು ಕತ್ತರಿಸುವ ಒಂದೇ ಓರೆಗೀರು; ಎಡದಿಂದ ಬಲಕ್ಕೆ ಇಳಿದರೆ ನ, ಏರಿದರೆ ಅ. ಎರಡನೆಯದು ಮ ಮತ್ತು ಱ. ಕಂಬದ ಮೇಲ್ತುದಿಯಲ್ಲಿ ಎರಡು ಕೈ ಎತ್ತಿದ್ದರೆ ಮ, ಅದೇ ಆಕಾರ ಕೆಳತುದಿಯಲ್ಲಿ ಕಾಲು ಅಗಲಿಸಿದ್ದರೆ ಱ. ಕಲ್ಲನ್ನು ತಲೆಕೆಳಗಾಗಿ ಓದಿದರೆ ನ ಮತ್ತು ಅ ಹಾಗೇ ಉಳಿಯುತ್ತವೆ, ಮ ಮತ್ತು ಱ ಮಾತ್ರ ಅದಲುಬದಲಾಗುತ್ತವೆ. ಪದಗಳ ಕೊನೆಗೆಲ್ಲ ಮ ಬರುತ್ತಿದೆ ಎನಿಸಿದರೆ ತಕ್ಷಣ ತಿರುಗಿ ನೋಡಿ.

ಹೆಜ್ಜೆ 5: ಒಂದು ಅಕ್ಷರ, ಹಲವು ಸದ್ದು

ತಮಿಳಿನಲ್ಲಿ ಒಂದೇ ಅಕ್ಷರ ಕ, ಗ ಎರಡಕ್ಕೂ ಸಲ್ಲುವ ಹಾಗೆ ಇಲ್ಲಿ ಕ ಎಂದರೆ ಕ ಅಥವಾ ಗ, ತ ಎಂದರೆ ತ ಅಥವಾ ದ, ಬ ಎಂದರೆ ಬ ಅಥವಾ ಪ. ಸ್ವರಗಳಲ್ಲಿ ಬಡತನ ಇನ್ನೂ ಹೆಚ್ಚು. ಇ ಎಂಬುದು ಇ, ಎ, ಯ ಮೂರಕ್ಕೂ ಬರುತ್ತದೆ. ಉ ಎಂಬುದು ಉ, ಒ, ವ ಮತ್ತು ತುಟಿ ಚೂಪು ಮಾಡಿ ಹೇಳುವ ‘ಯು’ ಸದ್ದಿಗೂ ಬರುತ್ತದೆ. ಸುಮಾರು 1000ದ ನಂತರ ಕ, ಇ, ಉ ಮೇಲೆ ಚುಕ್ಕೆಯಿಟ್ಟು ಗ, ಎ, ‘ಯು’ ಬೇರ್ಪಡಿಸುವುದು ಬಂತು. ಆದರೆ ಚುಕ್ಕೆ ಇಡಲೇಬೇಕೆಂದು ಯಾರೂ ಅಂದುಕೊಂಡಿರಲಿಲ್ಲ.

ಇನ್ನೆರಡು ಚಟಗಳಿವೆ. ವ್ಯಂಜನದ ಹಿಂದಿನ ಅನುನಾಸಿಕವನ್ನು ಆಗಾಗ ನುಂಗುತ್ತಾರೆ, ನಾವು ಸೊನ್ನೆ ಬಿಟ್ಟು ‘ಗಂಗೆ’ಯನ್ನು ‘ಗಗೆ’ ಎಂದು ಬರೆದಂತೆ. ಒಂದೇ ಅಕ್ಷರ ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಒಂದೇ ಸಲ ಕೆತ್ತುತ್ತಾರೆ, ಎರಡು ಬೇರೆ ಪದಗಳಾದರೂ ಸರಿ. ಯು 344ರಲ್ಲಿ ‘ಕಿಅಲ್ತಕತ್’ ಎಂದಿದೆ. ಬಿಡಿಸಿದರೆ ಕಿಅಲ್ತ್ ಮತ್ತು ತಕತ್, ಅಂದರೆ ‘ಕಪ್ಪ ಪಡೆದ’. ನಡುವಿನ ತ ಎರಡು ಪದಕ್ಕೂ ದುಡಿಯುತ್ತಿದೆ. ಪದಗಳ ನಡುವೆ ಚುಕ್ಕೆ, ಜೋಡಿ ಚುಕ್ಕೆ ಅಥವಾ ಪುಟ್ಟ ಶಿಲುಬೆ ಇಡುತ್ತಾರೆ, ಆದರೆ ಎಲ್ಲ ಕಡೆಯೂ ಅಲ್ಲ.

ಹೆಜ್ಜೆ 6: ಅಚ್ಚಿನ ವಾಕ್ಯ ಹುಡುಕಿ

ವಾಕ್ಯದ ಎಲುಬು ಹೀಗೆ: ‘ಇಂಥವರು ಈ ಕಲ್ಲನ್ನು ನಿಲ್ಲಿಸಿದರು, ಇಂಥವನ ನೆನಪಿಗೆ, ತಮ್ಮ ತಂದೆ. ದೇವರು ಅವನ ಆತ್ಮಕ್ಕೆ ನೆರವಾಗಲಿ. ಇಂಥವನು ರೂನು ಕೆತ್ತಿದ.’

ಕಲ್ಲಿನಲ್ಲಿ ಕಾಣುವ ರೂಪಗಳು, ಒಂದೇ ಪದಕ್ಕೆ ಹಲವು ಕಾಗುಣಿತದೊಂದಿಗೆ:

ಲಿತ್ (ಒಬ್ಬರಾದರೆ), ಲಿತು (ಹಲವರಾದರೆ): ಮಾಡಿಸಿದರು
ರಇಸ, ರಿಸ: ನಿಲ್ಲಿಸಲು
ಸ್ತಇನ್, ಸ್ತಿನ್: ಕಲ್ಲು
ಅಫ್ತಿಱ್, ಇಫ್ತಿಱ್, ಅಫ್ತ್, ಅತ್: ನೆನಪಿಗೆ
ಫಥುರ್, ಮುಥುರ್, ಬ್ರುಥುರ್, ಸುನ್: ತಂದೆ, ತಾಯಿ, ಸಹೋದರ, ಮಗ
ಬುಅಂತ, ಬುತ: ಗಂಡ
ಕುನು: ಹೆಂಡತಿ
ಸಿನ್, ಸಿನಾ: ತನ್ನ, ತಮ್ಮ
ಅಉಕ್: ಮತ್ತು
ಕುಥ್ ಹಿಅಲ್ಬಿ: ದೇವರು ನೆರವಾಗಲಿ
ಬ್ರು: ಸೇತುವೆ
ರಿಸ್ತಿ, ಮರ್ಕಥಿ: ಕೆತ್ತಿದ

ಮೊದಲು ‘ಸ್ತಿನ್’ ಹುಡುಕಿ. ಅದು ಸಿಕ್ಕರೆ ಅದರ ಮುಂದೆ ‘ಅಫ್ತಿಱ್’ ಇರುತ್ತದೆ, ಅದರ ಮುಂದೆ ಸತ್ತವರ ಹೆಸರು. ಹಿಂದಕ್ಕೆ ಹೋದರೆ ನಿಲ್ಲಿಸಿದವರ ಹೆಸರು. ಸಾಮಾನ್ಯವಾಗಿ ಬದುಕಿದವರ ಹೆಸರೇ ಮೊದಲು. ನಮಗಿದು ವಿಚಿತ್ರ ಎನಿಸಬಹುದು, ಆದರೆ ಕಲ್ಲು ಸತ್ತವರ ಸ್ಮಾರಕವಾಗಿರುವಷ್ಟೇ ಉಳಿದವರ ಹಕ್ಕುಪತ್ರವೂ ಹೌದು: ಈತನ ಮಕ್ಕಳು ನಾವು, ಈ ನೆಲ ನಮ್ಮದು.

ಹೆಜ್ಜೆ 7: ವಿಭಕ್ತಿ ನೋಡಿ

ಇಲ್ಲಿ ಕನ್ನಡಿಗರಿಗೆ ಇಂಗ್ಲಿಷಿನವರಿಗಿಂತ ಅನುಕೂಲ ಹೆಚ್ಚು. ಹೆಸರಿಗೆ ಬಾಲ ಅಂಟಿಸಿ ಬಾಲ ಕೀಳುವುದು ನಮಗೆ ಹೊಸದಲ್ಲ. ಗಂಡು ಹೆಸರುಗಳಲ್ಲಿ ಹೆಚ್ಚಿನವು ಕರ್ತೃವಾಗಿ ಬಂದಾಗ ಕೊನೆಗೆ ರ್ ಅಥವಾ ಱ್ ಹೊತ್ತಿರುತ್ತವೆ. ‘ಅಫ್ತ್’ ಆದಮೇಲೆ ಬಂದರೆ ಆ ಬಾಲ ಉದುರುತ್ತದೆ.

ಡೆನ್ಮಾರ್ಕಿನ ಯೆಲ್ಲಿಂಗ್ ಊರಿನ ಚರ್ಚಿನಂಗಳದಲ್ಲಿ ಎರಡು ಕಲ್ಲುಗಳಿವೆ, 1994ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, ಈಗ ಗಾಜಿನ ಗೂಡಿನಲ್ಲಿವೆ. ಚಿಕ್ಕದನ್ನು ನಿಲ್ಲಿಸಿದ್ದು ದೊರೆ ಗೋರ್ಮ್. ಅಲ್ಲಿ ಅವನ ಹೆಸರು ‘ಕುರ್ಮ್‌ಱ್’. ದೊಡ್ಡದನ್ನು ಸುಮಾರು 965ರಲ್ಲಿ ನಿಲ್ಲಿಸಿದ್ದು ಅವನ ಮಗ ಹರಾಲ್ಡ್, ಬ್ಲೂಟೂತಿನ ಅದೇ ಹರಾಲ್ಡ್. ಅಲ್ಲಿ ತಂದೆಯ ಹೆಸರು ‘ಅಫ್ತ್ ಕುರ್ಮ್ ಫಥುರ್ ಸಿನ್’ ಎಂದು ಬರುತ್ತದೆ. ಕಲ್ಲಿನಿಂದ ಕಲ್ಲಿಗೆ ಹೋಗುವಷ್ಟರಲ್ಲಿ ದೊರೆ ಸತ್ತಿದ್ದಾನೆ, ಅದು ಒಂದೇ ಅಕ್ಷರದಲ್ಲಿ ಗೊತ್ತಾಗುತ್ತದೆ.

ಎಲ್ಲ ಹೆಸರಿಗೂ ಈ ಬಾಲ ಇಲ್ಲ. ‘ಇ’ಯಲ್ಲಿ ಮುಗಿಯುವ ಗಂಡು ಹೆಸರು ‘ಅ’ ಆಗುತ್ತದೆ. ‘ಅ’ದಲ್ಲಿ ಮುಗಿಯುವ ಹೆಣ್ಣು ಹೆಸರು ‘ಉ’ ಆಗುತ್ತದೆ, ಇಂಗಾ ಇಂಗು ಆದಂತೆ. ಅಪ್ಪ ಮಗ ಇಬ್ಬರ ಹೆಸರೂ ಸವೆದುಹೋದ ಕಲ್ಲಿನಲ್ಲಿ ಕೂಡ ಕೊನೆಯ ಅಕ್ಷರ ಉಳಿದಿದ್ದರೆ ಯಾರು ಸತ್ತವರು ಎಂದು ಹೇಳಬಹುದು.

ಹೆಜ್ಜೆ 8: ಇಡೀ ಕಲ್ಲೊಂದನ್ನು ಬಿಡಿಸಿ

ಅದೇ ಯೆಲ್ಲಿಂಗಿನ ಚಿಕ್ಕ ಕಲ್ಲನ್ನು, ಡಿಆರ್ 41 ಅನ್ನು, ತೆಗೆದುಕೊಳ್ಳಿ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಪಠ್ಯ ಗಿಡ್ಡ, ಚಟಗಳೆಲ್ಲ ಅದರಲ್ಲೇ ಇವೆ.

ಅಕ್ಷರಶಃ: ಕುರ್ಮ್‌ಱ್ ಕುನುಕ್‌ಱ್ ಕರ್ಥಿ ಕುಬ್ಲ್ ಥುಸಿ ಅಫ್ತ್ ಥುರುಇ ಕುನು ಸಿನಾ ತನ್ಮರ್ಕಱ್ ಬುತ್.

ಮೊದಲ ಕ ವನ್ನು ಗ ಮಾಡಿ, ಉ ವನ್ನು ಒ ಮಾಡಿ: ಗೋರ್ಮ್. ಎರಡನೆಯ ಪದದಲ್ಲಿ ನುಂಗಿದ ಅನುನಾಸಿಕ ವಾಪಸು ತನ್ನಿ, ಕೊನೆಯ ಕ ವನ್ನು ಗ ಮಾಡಿ: ಕೋನುಂಗ್, ಅಂದರೆ ದೊರೆ. ‘ಕರ್ಥಿ’ ಎಂದರೆ ಗೆರ್ದಿ, ಮಾಡಿದ. ‘ಕುಬ್ಲ್’ನಲ್ಲಿಯೂ ಮ ನುಂಗಿದ್ದಾರೆ, ಅದು ಕುಂಬ್ಲ್, ಸ್ಮಾರಕ, ಇಲ್ಲಿ ಬಹುವಚನ. ‘ಥುಸಿ’ ಈ. ‘ಥುರುಇ’ ರಾಣಿಯ ಹೆಸರು, ಥ್ಯುರ್ವಿ. ಒಂದೇ ಪದದಲ್ಲಿ ಮೊದಲ ಉ ‘ಯು’ ಆಗಿದೆ, ಎರಡನೆಯದು ವ ಆಗಿದೆ. ‘ಕುನು ಸಿನಾ’ ತನ್ನ ಹೆಂಡತಿ. ‘ತನ್ಮರ್ಕಱ್’ ಡೆನ್ಮಾರ್ಕಿನ.

‘ದೊರೆ ಗೋರ್ಮ್ ತನ್ನ ಹೆಂಡತಿ ಥ್ಯುರ್ವಿಯ ನೆನಪಿಗೆ ಈ ಸ್ಮಾರಕಗಳನ್ನು ಮಾಡಿದ, ಡೆನ್ಮಾರ್ಕಿನ ಬೋತ್.’

ಕೊನೆಯ ಪದ ಹಾಗೇ ಬಿಟ್ಟಿದ್ದೇನೆ, ಏಕೆಂದರೆ ನಿಲ್ಲಬೇಕಾದದ್ದೇ ಅಲ್ಲಿ. ಬೋತ್ ಎಂದರೆ ಸರಿಪಡಿಸುವಿಕೆ, ನೆರವು, ಹೆಚ್ಚಳ. ಕೆಲವರು ‘ಆಭರಣ’ ಎನ್ನುತ್ತಾರೆ, ಕೆಲವರು ‘ಬಲ’ ಎನ್ನುತ್ತಾರೆ. ಅದು ರಾಣಿಗೆ ಹೇಳಿದ್ದೆಂದು ಹೆಚ್ಚಿನವರ ಮತ, ದೊರೆ ತನಗೇ ಹೇಳಿಕೊಂಡದ್ದೆಂದು ವಾದಿಸಿದವರೂ ಇದ್ದಾರೆ. ವಾಕ್ಯದಲ್ಲಿ ಅದು ಹೆಂಡತಿ ಎಂಬ ಪದಕ್ಕೆ ಅಂಟಿಕೊಂಡು ಕೂತಿದೆ, ನನಗೆ ಅಷ್ಟು ಸಾಕು. ಅಚ್ಚಿನ ವಾಕ್ಯಕ್ಕೆ ಬೇಡದ ಎರಡೇ ಪದ ಹೆಚ್ಚಿಗೆ ಕೆತ್ತಿಸಿದ್ದಾನೆ ಗೋರ್ಮ್, ಅವೆರಡೂ ಇವೇ.

ಹೆಜ್ಜೆ 9: ಅಚ್ಚು ಮುರಿದ ಜಾಗ ಗುರುತು ಹಾಕಿ

ಈಗ ನಿಮ್ಮ ನೋಟ್‌ಬುಕ್ಕಿನಲ್ಲಿ ಅಚ್ಚಿನ ಪದಗಳಿಗೆಲ್ಲ ಗೆರೆ ಹೊಡೆದುಬಿಡಿ. ಉಳಿದದ್ದೇನು?

ಎಷ್ಟೋ ಸಲ ಏನೂ ಉಳಿಯುವುದಿಲ್ಲ. ಉಳಿದಾಗ ಅದು ಸಾಮಾನ್ಯವಾಗಿ ಊರು, ಸಾವು ಅಥವಾ ಗುಣ. ಇಂಗ್ಲೆಂಡಿಗೆ ಹೋದವರ ಕಲ್ಲು ಸುಮಾರು 30 ಇವೆ, ಗ್ರೀಸ್ ಎಂದು ಕರೆದ ಬೈಜಾಂಟಿಯಮ್ಮಿನ ಕಡೆ ಹೋದವರದೂ ಹೆಚ್ಚುಕಡಿಮೆ ಅಷ್ಟೇ. ‘ಇಕ್ಲತಿ’ ಎಂದಿದ್ದರೆ ಇಂಗ್ಲೆಂಡಿನಲ್ಲಿ, ‘ಹುಲ್ಮ್‌ಕರ್ಥಿ’ ಎಂದಿದ್ದರೆ ಇವತ್ತಿನ ರಷ್ಯಾದ ನೋವ್‌ಗೊರೊಡ್. ಆ ಯು 344, ಊಪ್ಲಾಂಡಿನ ಓರ್ಕೆಸ್ಟಾ ಚರ್ಚಿನ ಬಳಿಯದು, ಉಲ್ಫ್ ಎಂಬವನು ಇಂಗ್ಲೆಂಡಿನಲ್ಲಿ ಮೂರು ಸಲ ಕಪ್ಪ ಪಡೆದನೆಂದು ಲೆಕ್ಕ ಕೊಡುತ್ತದೆ: ದಂಡಿನ ನಾಯಕರಲ್ಲಿ ಮೊದಲು ತೋಸ್ತಿ ಕೊಟ್ಟ, ಆಮೇಲೆ ಥೋರ್ಕೆಲ್, ಆಮೇಲೆ ಕ್ನೂತ್. ಕ್ನೂತ್ ಇಂಗ್ಲೆಂಡಿನಿಂದ ಕಪ್ಪ ವಸೂಲು ಮಾಡಿದ್ದು 1018ರಲ್ಲಿ ಎಂದು ಇಂಗ್ಲಿಷ್ ದಾಖಲೆ ಹೇಳುತ್ತದೆ, ಹಾಗಾಗಿ ಕಲ್ಲು ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ವೆಸ್ಟ್‌ಮಾನ್ಲಾಂಡಿನ ಹಾಸ್ಮ್ಯುರಾ ಕಲ್ಲಿನಲ್ಲಿ ಹೋಲ್ಮ್‌ಗೌತ್ ಎಂಬ ಒಕ್ಕಲಿಗ ಹೆಂಡತಿ ಓದಿನ್‌ದೀಸಳ ನೆನಪಿಗೆ ಕೆತ್ತಿಸಿದ ಮಾತು: ಹಾಸ್ಮ್ಯುರಾದ ಮನೆ-ಹೊಲ ನೋಡಿಕೊಳ್ಳಲು ಇವಳಿಗಿಂತ ಒಳ್ಳೆಯ ಗೃಹಿಣಿ ಮತ್ತೆ ಬರುವುದಿಲ್ಲ. ವಾಲೆಂಟುನಾ ಕೆರೆಯ ಪಕ್ಕದ ಬೆಲ್‌ಸ್ಟಾದ ಜೋಡಿಗಲ್ಲು, ಯು 225 ಮತ್ತು ಯು 226, ಮಕ್ಕಳು ತಂದೆ ಉಲ್ಫನಿಗಾಗಿ (ಇವನು ಬೇರೆ ಉಲ್ಫ) ಸಭೆಯ ಬಯಲು ಕಟ್ಟಿಸಿದ್ದನ್ನು ಹೇಳುತ್ತದೆ, ಇದಕ್ಕಿಂತ ದೊಡ್ಡ ಸ್ಮಾರಕ ಎಲ್ಲೂ ಇರದು ಎಂದು ಜಂಬ ಕೊಚ್ಚುತ್ತದೆ, ಕೊನೆಗೆ ತಾಯಿಯ ಕಡೆ ತಿರುಗುತ್ತದೆ: ಗ್ಯುರಿದ್ ಗಂಡನನ್ನು ಒಲಿದಿದ್ದಳು, ಅದಕ್ಕೇ ಅವನ ನೆನಪು ಅಳುವಿನಲ್ಲಿ ಉಳಿಯುತ್ತದೆ.

ಇಂಥ ಕಡೆ ಪದ್ಯ ಇರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಸುಲಭ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರಕ್ಕೆ ಕೂರುತ್ತದೆ, ಇಲ್ಲಿ ಒತ್ತು ಬೀಳುವ ಪದಗಳ ಮೊದಲ ಸದ್ದಿಗೆ. ಗ್ರಿಪ್ಸ್‌ಹೋಮ್ ಕೋಟೆಯ ಕಲ್ಲು, ಸೋ 179, ತೋಲಾ ಎಂಬ ತಾಯಿ ಮಗ ಹರಾಲ್ಡನಿಗೆ ನಿಲ್ಲಿಸಿದ್ದು. ಇಂಗ್ವಾರ್ ಎಂಬ ನಾಯಕನೊಡನೆ ಪೂರ್ವಕ್ಕೆ ಹೋಗಿ ಸತ್ತವನು. ‘ಫೋರು’ ಮತ್ತು ‘ಫ್ಯಾರಿ’, ‘ಸುನ್ನಾರ್ಲಾ’ ಮತ್ತು ‘ಸೆರ್ಕ್‌ಲಾಂದಿ’ ಎಂದು ಜೋಡಿ ಸಾಗುತ್ತದೆ. ಸ್ವರಗಳಾದರೆ ಯಾವ ಸ್ವರವೂ ಯಾವುದಕ್ಕೂ ಜೋಡಿ. ಗಂಡಸರಂತೆ ಚಿನ್ನ ಅರಸಿ ದೂರ ಹೋದರು, ಪೂರ್ವದಲ್ಲಿ ಹದ್ದಿಗೆ ಉಣಿಸಿದರು, ದಕ್ಷಿಣದ ಸೆರ್ಕ್‌ಲಾಂಡಿನಲ್ಲಿ ಸತ್ತರು. ಹದ್ದಿಗೆ ಉಣಿಸುವುದು ಎಂದರೆ ಹಗೆಗಳನ್ನು ಕೊಲ್ಲುವುದು, ಸೆರ್ಕ್‌ಲಾಂಡ್ ಎಂದರೆ ಮುಸ್ಲಿಮರ ನಾಡು. ಈ ಕಲ್ಲು ಒಂದು ಕಾಲಕ್ಕೆ ಕೋಟೆಯ ಗೋಪುರದಲ್ಲಿ ಹೊಸ್ತಿಲಾಗಿ ಬಿದ್ದಿತ್ತು.

ಎಚ್ಚರ ಬೇಕಾದ ಒಂದು ಜಾತಿ ಇದೆ. ವಾಲೆಂಟುನಾ ಚರ್ಚಿನ ಬಳಿಯ ಯು 212ರಲ್ಲಿ ಯಾರ್ಲಬಾಂಕಿ ಎಂಬವನು ‘ಬದುಕಿರುವಾಗಲೇ ತನ್ನ ನೆನಪಿಗೆ’ ಕಲ್ಲು ನಿಲ್ಲಿಸಿದ್ದಾನೆ, ಇಡೀ ಟೇಬಿ ಊರು ತನ್ನೊಬ್ಬನದು ಎಂದಿದ್ದಾನೆ. ಇಂಥದ್ದೇ ಮಾತಿನ ಇನ್ನೂ ಹಲವು ಕಲ್ಲು ಹಾಕಿಸಿದ್ದಾನೆ. ಇಲ್ಲಿ ‘ಅಫ್ತಿಱ್’ ಮುಂದಿನ ಹೆಸರು ಸತ್ತವನದೆಂದುಕೊಂಡರೆ ಮೋಸ ಹೋಗುತ್ತೀರಿ. ಆರನೆಯ ಹೆಜ್ಜೆಯ ನಿಯಮಕ್ಕೆ ಇವನೊಬ್ಬ ಅಪವಾದ.

ಹೆಜ್ಜೆ 10: ಒಂದು ಕಲ್ಲಿಗೆ ನಿಲ್ಲಬೇಡಿ

ಅದೇ ಹೆಸರು ಸುತ್ತಲಿನ ಕಲ್ಲುಗಳಲ್ಲಿದೆಯೇ ಎಂದು ಪಠ್ಯಕೋಶದಲ್ಲಿ ಹುಡುಕಿ. ಸ್ನೊತ್‌ಸ್ತಾ ಎಂಬ ಊರಿನ ಬಳಿ ಇಂಗಾ ಎಂಬವಳು ಗಂಡ ರಾಗ್ನ್‌ಫಾಸ್ತನಿಗಾಗಿ ಕೆತ್ತಿಸಿದ ನಾಲ್ಕು ಕಲ್ಲುಗಳಿವೆ, ಯು 329ರಿಂದ 332. ಅವುಗಳಲ್ಲಿ ಒಂದು, ಅವಳಿಗೆ ಮಗುವಿನಿಂದ ಆಸ್ತಿ ಬಂತು ಎನ್ನುತ್ತದೆ. ಉಳಿದ ಕಥೆ ಇರುವುದು ದೂರದ ಹಿಲ್ಲರ್‌ಶೋದ ಬಂಡೆಯ ಮೇಲೆ, ಯು 29ರಲ್ಲಿ. ಅದು ‘ಬಿಡಿಸಿ ಓದು!’ ಎಂಬ ಅಪ್ಪಣೆಯಿಂದಲೇ ಶುರುವಾಗುತ್ತದೆ. ಇಂಗಾಳ ತಾಯಿ ಗೆಯ್ರ್‌ಲಾಗ್ ಕನ್ನೆಯಾಗಿ ಗೆಯ್ರ್‌ಮುಂದನನ್ನು ಮದುವೆಯಾದಳು, ಒಬ್ಬ ಮಗ ಹುಟ್ಟಿದ, ಗಂಡ ನೀರಲ್ಲಿ ಮುಳುಗಿ ಸತ್ತ, ಮಗನೂ ಸತ್ತ. ಎರಡನೆಯ ಮದುವೆಯ ಮಕ್ಕಳಲ್ಲಿ ಉಳಿದವಳು ಇಂಗಾ ಒಬ್ಬಳೇ. ಇಂಗಾಳ ಗಂಡ ರಾಗ್ನ್‌ಫಾಸ್ತ್ ಸತ್ತ, ಅವರ ಮಗ ಸತ್ತ, ಮಗನ ಆಸ್ತಿ ಇಂಗಾಳಿಗೆ ಬಂತು. ಅವಳು ಮರುಮದುವೆಯಾಗಿ ತಾನೂ ಸತ್ತಳು, ಎಲ್ಲ ಗೆಯ್ರ್‌ಲಾಗಳ ಕೈಸೇರಿತು. ಮಗಳ ಆಸ್ತಿ ತಾಯಿಗೆ ಹೇಗೆ ಬಂತೆಂಬ ಪ್ರಶ್ನೆಗೆ ಬಂಡೆಯ ಮೇಲಿನ ಉತ್ತರ ಇದು. ಸಾವುಗಳ ಅನುಕ್ರಮ ಒಂದು ಅತ್ತಿತ್ತ ಆದರೂ ಹಕ್ಕು ಬೇರೆಯವರಿಗೆ ಹೋಗುತ್ತಿತ್ತು. ಓದುವಾಗ ‘ಥ’ದಿಂದ ಶುರುವಾಗುವ ‘ಆಮೇಲೆ’ಗಳನ್ನು ಒಂದೊಂದಾಗಿ ಎಣಿಸಿ.

ಹೆಜ್ಜೆ 11: ಕಾಲ ಅಂದಾಜು

ಊಪ್ಲಾಂಡಿನ ಕಲ್ಲುಗಳಿಗೆ ಹಾವಿನ ತಲೆಯೇ ಪಂಚಾಂಗ. ತಲೆಯೇ ಇಲ್ಲದೆ ಪಟ್ಟಿಯ ತುದಿ ನೇರವಾಗಿ ಮುಗಿದಿದ್ದರೆ ಸುಮಾರು 980ರಿಂದ 1015. ತಲೆಯನ್ನು ಮೇಲಿನಿಂದ ನೋಡಿದಂತೆ ಕೆತ್ತಿದ್ದರೆ 1010ರಿಂದ 1050. ಪಕ್ಕದಿಂದ ನೋಡಿದ ತಲೆಯಾದರೆ ಐದು ಶೈಲಿಗಳಿವೆ: ಗಿಡ್ಡಗೆ ದಪ್ಪಗಿನ ತಲೆಯವು 1010ರ ಸುಮಾರಿಗೆ ಶುರು, ಬಾದಾಮಿ ಕಣ್ಣಿನ, ತೆಳ್ಳಗೆ ಉದ್ದಕ್ಕೆ ಎಳೆದ ತಲೆಯವು 1070ರ ನಂತರ, ಕೊನೆಯವು 1130ರ ತನಕ. ಅವಧಿಗಳು ಒಂದರ ಮೇಲೊಂದು ಬೀಳುತ್ತವೆ, ಹಾಗಾಗಿ ಒಂದು ತಲೆಮಾರಿಗಿಂತ ಸೂಕ್ಷ್ಮವಾಗಿ ಹೇಳಲು ಹೋಗಬೇಡಿ. ಬೇರೆ ಪ್ರಾಂತ್ಯಗಳಿಗೆ ಈ ಲೆಕ್ಕ ಅಷ್ಟಾಗಿ ಸಲ್ಲದು.

ಕೈ ಗುರುತಿಸುವುದು ಇನ್ನೊಂದು ದಾರಿ. ಓಪಿರ್, ಬಾಲಿ, ಫೋತ್, ಓಸ್ಮುಂದ್ ಮುಂತಾದ ಕೆತ್ತನೆಗಾರರು ಸಹಿ ಮಾಡಿದ್ದಾರೆ. ಸಹಿ ಇಲ್ಲದ ಕಡೆ ತೋಡಿನ ಆಳ, ಕೋನ, ಏಟಿನ ಲಯವನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಹೋಲಿಸುತ್ತಾರೆ. ಯೆಲ್ಲಿಂಗಿನ ದೊಡ್ಡ ಕಲ್ಲನ್ನೂ, ರಾಣಿ ಥ್ಯುರ್ವಿಯ ಹೆಸರಿರುವ ಲೇಬೋರ್ ಊರಿನ ಕಲ್ಲನ್ನೂ ರಾವ್ನುಂಗ ತೂಯೆ ಎಂಬ ಒಬ್ಬನೇ ಕೆತ್ತಿದ್ದಿರಬೇಕೆಂದು 2023ರಲ್ಲಿ ಹೀಗೆಯೇ ತೋರಿಸಿದರು.

ಹೆಜ್ಜೆ 12: ಮೂರು ಸಾಲಿನಲ್ಲಿ ಬರೆದಿಡಿ

ಮೊದಲ ಸಾಲು ಕಂಡ ಅಕ್ಷರಗಳು, ತಿದ್ದದೆ. ಎರಡನೆಯದು ಸದ್ದು ತುಂಬಿಸಿದ ರೂಪ. ಮೂರನೆಯದು ಅನುವಾದ. ಮೂರನ್ನೂ ಕಲಸಿಬಿಟ್ಟರೆ ಮುಂದೆ ಎಲ್ಲಿ ತಪ್ಪಿದಿರೆಂದು ನಿಮಗೇ ತಿಳಿಯದು. ಪಠ್ಯಕೋಶದ ಗುರುತುಗಳನ್ನೇ ಬಳಸಿ: ಅನುಮಾನದ ಅಕ್ಷರಕ್ಕೆ ದುಂಡು ಆವರಣ, ಓದಲಾಗದ ಒಂದು ಅಕ್ಷರಕ್ಕೆ ಒಂದು ಅಡ್ಡಗೆರೆ, ಎಷ್ಟು ಹೋಗಿದೆಯೋ ಗೊತ್ತಿಲ್ಲದ ಕಡೆ ಮೂರು ಚುಕ್ಕೆ, ಕಲ್ಲಿನಲ್ಲಿ ಈಗಿಲ್ಲದೆ ಹಳೆಯ ನಕಲಿನಿಂದ ತಂದದ್ದಕ್ಕೆ ಚೌಕ ಆವರಣ. ಚೌಕದ ಉಪಯೋಗ ಸಣ್ಣದಲ್ಲ. ಉಲ್ಫನ ಮೂರು ಕಪ್ಪದ ಕಲ್ಲಿಗೆ ಜೋಡಿಯಾಗಿದ್ದ ಯು 343 ಕಳೆದೇಹೋಗಿದೆ, ಅವನ ಮಕ್ಕಳು ಅದನ್ನು ನಿಲ್ಲಿಸಿದ್ದೆಂಬುದು ಹಳೆಯ ನಕಲಿನಿಂದಷ್ಟೇ ಗೊತ್ತು.

ಈಗ ಪಠ್ಯಕೋಶ ತೆರೆದು ಹೋಲಿಸಿ. ಅವರದಕ್ಕೂ ನಿಮ್ಮದಕ್ಕೂ ವ್ಯತ್ಯಾಸವಿದ್ದರೆ ಎಂಟು ಚಿತ್ರಗಳನ್ನು ಒಂದೊಂದಾಗಿ ನೋಡಿ. ಹೆಚ್ಚಿನ ಸಲ ಅವರು ಸರಿ ಇರುತ್ತಾರೆ.

ಅಪರೂಪಕ್ಕೆ, ಉತ್ತ ಹೊಲದಲ್ಲೋ ಕುಸಿದ ಗೋಡೆಯಲ್ಲೋ ಯಾವ ಪಟ್ಟಿಯಲ್ಲೂ ಇಲ್ಲದ ತುಂಡು ಕಣ್ಣಿಗೆ ಬೀಳಬಹುದು. ಎತ್ತಬೇಡಿ, ಮಗುಚಬೇಡಿ. ಫೋಟೊ ತೆಗೆದು, ಜಾಗದ ಜಿಪಿಎಸ್ ಅಂಕಿ ಬರೆದುಕೊಂಡು, ಸ್ವೀಡನ್ನಿನಲ್ಲಾದರೆ ಜಿಲ್ಲಾಡಳಿತಕ್ಕೆ ತಿಳಿಸಿ. ಮುಖ್ಯವಾಗಿ ಮಣ್ಣು ತೊಳೆಯಬೇಡಿ. ಓಲಾಂಡ್ ದ್ವೀಪದ ಶೋಪಿಂಗ್ ಚರ್ಚಿನಲ್ಲಿ ಸಿಕ್ಕ ತುಂಡುಗಳ ಮೇಲೆ ಸಾವಿರ ವರ್ಷದ ಹಿಂದಿನ ಕೆಂಪು, ಕಪ್ಪು ಬಣ್ಣ ಹಾಗೇ ಉಳಿದಿತ್ತು. ಅವು ಕಟ್ಟಡದೊಳಗೆ ಸೇರಿ ಮಳೆಬಿಸಿಲಿನಿಂದ ತಪ್ಪಿಸಿಕೊಂಡಿದ್ದವು. ನಿಮ್ಮ ತುಂಡಿನ ಕೆಸರಿನಡಿಯಲ್ಲೂ ಅಂಥದ್ದು ಇದ್ದರೆ ಒಂದು ಬಾಟಲಿ ನೀರಿಗೆ ತೊಳೆದು ಹೋಗುತ್ತದೆ.